ಬಸವಂತವಾಡಿಯ ಏಕೈಕ ಸಹಜ ಮಗು

ಆಳಂದ ತಾಲೂಕಿನ ಬಸವಂತವಾಡಿಯಲ್ಲಿ ಎಲ್ಲ ಮಕ್ಕಳೂ ಜೂನ್ ಒಂದನೆಯ ತಾರೀಖಿನಂದೇ ಹುಟ್ಟುತ್ತಾರೆ. ಇದು ಶಾಲೆಯ ದಾಖಲಾತಿ ರಜಿಸ್ಟರಿನಿಂದ ದೃಢಪಟ್ಟ ಸಂಗತಿ. ಇದಕ್ಕೆ ವಿರುದ್ಧವಾಗಿ ಹೆತ್ತವರು, ಸೂಲಗಿತ್ತಿ ಮತ್ತು ಪಂಚಾಂಗ ಹೇಳುವ ಯಾವ ಮಾತನ್ನೂ ಮಾನ್ಯ ಮಾಡಲಾಗುವುದಿಲ್ಲ.

1986ರ ಜೂನ್ ಒಂದರಂದು ಸದರಿ ಊರಿನಲ್ಲಿ ಮೂವತ್ತೆಂಟು ಮಕ್ಕಳಿಗೆ ಒಮ್ಮೆಲೇ ಐದು ವರ್ಷ ತುಂಬಿತು. ಹಿಂದಿನ ದಿನ ಸಂಜೆಯವರೆಗೆ ಅವರಲ್ಲಿ ಬಹುಪಾಲು ಮಕ್ಕಳಿಗೆ ಮೂರೇ ವರ್ಷವಾಗಿತ್ತು. ಒಂದನೆಯ ತರಗತಿಯಲ್ಲಿ ಮೂವತ್ತೈದು ಹೆಸರಿಲ್ಲದಿದ್ದರೆ ಎರಡನೆಯ ಮಾಸ್ತರರ ಹುದ್ದೆ ರದ್ದು ಎಂದು ಆದೇಶ ಬಂದಿದ್ದರಿಂದ, ಮುಖ್ಯಗುರು ದೊಡ್ಡಪ್ಪನವರು ಊರಿನ ಮೇಲಿನ ಅಭಿಮಾನದಿಂದ ಮಕ್ಕಳನ್ನು ರಾತ್ರೋರಾತ್ರಿ ಬೆಳೆಸಿದ್ದರು. ಮಕ್ಕಳಿಗೆ ಇದರಿಂದ ಯಾವ ತೊಂದರೆಯೂ ಆಗಲಿಲ್ಲ. ಅವರು ಎಂದಿನಂತೆ ಶಾಲೆಯ ಪಡಸಾಲೆಯಲ್ಲೇ ನಡೆಯುವ ಅಂಗನವಾಡಿಗೆ ಬಂದು, ಉಪ್ಪಿಟ್ಟು ತಿಂದು, ಜಗಳಾಡಿ ಮನೆಗೆ ಹೋಗುತ್ತಿದ್ದರು. ಹೆಸರು ಒಳಗೆ, ಹೊಟ್ಟೆ ಹೊರಗೆ.

ಆ ಅಂಗನವಾಡಿಯ ಕಾರ್ಯಕರ್ತೆ ಸಾಬಮ್ಮ. ಅವಳ ಮಗಳು ನಿಂಬೆವ್ವನಿಗೆ ಆ ವರ್ಷದ ದೀಪಾವಳಿ ಕಳೆದ ಮೇಲೆ ನಾಲ್ಕು ವರ್ಷ. ಖರೇ ನಾಲ್ಕು. ಹುಡುಗಿ ಚುರುಕು, ಮಣಿ ಪೋಣಿಸುತ್ತಿದ್ದಳು, ಬಳಪದಿಂದ ಎತ್ತಿನ ಬಂಡಿ ಬರೆಯುತ್ತಿದ್ದಳು, ಅವ್ವನ ಮುಖ ನೋಡಿ ಅವ್ವನಿಗಿಂತ ಮೊದಲೇ ನಗುತ್ತಿದ್ದಳು. ಆದರೆ ಅವಳಿಗೆ ಕಿವಿ ಕೇಳಿಸುತ್ತಿರಲಿಲ್ಲ, ಹೀಗಾಗಿ ಮಾತೂ ಬಂದಿರಲಿಲ್ಲ. ಅತ್ತೆ ಸುಭದ್ರಾಬಾಯಿ, “ಫಿಕೀರ್ ಮಾಡಬ್ಯಾಡ, ನಿನ್ನ ಗಂಡನೂ ಐದು ವರ್ಷಕ್ಕ ಬಾಯಿ ಬಿಟ್ಟಾನ” ಎಂದಿದ್ದರು. ಗುಲಬರ್ಗಾದ ಡಾಕ್ಟರು ಮಾತ್ರ ಬೇರೆ ಹೇಳಿದರು: “ಕಿವಿಗಿ ಮಷೀನ್ ಹಾಕಿ, ಆರು ವರ್ಷದ ಒಳಗ ಕಲಿಸಿದ್ರ ಮಾತು ಕಲೀತಾಳವ್ವ. ಆಮ್ಯಾಲ ಭಾಳ ತ್ರಾಸ ಅದ.” ಅಂದಿನಿಂದ ಸಾಬಮ್ಮ ಮಗಳ ವಯಸ್ಸನ್ನು ದಿನದ ಲೆಕ್ಕದಲ್ಲಿ ಎಣಿಸುತ್ತಿದ್ದಳು.

ನಿಂಬೆವ್ವನ ಹೆಸರನ್ನು ಶಾಲೆಗೆ ಹಚ್ಚಲು ಅವಳು ಹೋದಾಗ ದೊಡ್ಡಪ್ಪ ಮಾಸ್ತರು ಕಾನೂನನ್ನು ತಿಳಿಸಿಕೊಟ್ಟಿದ್ದರು.

“ಹಾಜರಿ ಕರದಾಗ ‘ಹಾಜರ್ ಸರ’ ಅನ್ನಬೇಕಲ್ಲ ತಂಗಿ? ಈಕಿ ಅನ್ನಂಗಿಲ್ಲ.”

“ಉಳದ ಮೂವತ್ತೆಂಟು ಮಂದಿ ಒಳಗ ಬರಂಗೇ ಇಲ್ಲಲ್ರಿ ಸರ?”

“ಬರಲಾರದವರ ಪರವಾಗಿ ನಾ ಅಂತೇನಿ. ಮುಂದ ಬಂದು ಕುಂತಾಕಿ ಪರವಾಗಿ ನಾ ಹೆಂಗ ಅನ್ನಲಿ? ಅದು ಸುಳ್ಳ ಆಗ್ತದ.”

ಹೀಗೆ ಬಸವಂತವಾಡಿಯಲ್ಲಿ ಖರೇ ವಯಸ್ಸು ಉಳಿದುಕೊಂಡ ಮಗು ಒಂದೇ ಒಂದಾಯಿತು.

ಆ ವರ್ಷ ದೀಪಾವಳಿ ಮುಗಿದ ಮೇಲೆ ಸುತ್ತೋಲೆ ಬಂತು. ಬೆಳವಣಿಗೆಯಲ್ಲಿ ಹಿಂದುಳಿದ ಮಕ್ಕಳನ್ನು ಎಳವೆಯಲ್ಲೇ ಗುರುತಿಸಿ, ಅವರಿಗೆ ಎರಡು ವರ್ಷ ವಿಶೇಷ ಶಿಕ್ಷಣ ಕೊಡತಕ್ಕದ್ದು. ಆರು ವರ್ಷ ತುಂಬುವ ಮೊದಲು ಹೆಸರು ಹಚ್ಚಿದವರಿಗೆ ಮಾತ್ರ ಪ್ರವೇಶ. ಮೂವತ್ತು ಮಕ್ಕಳಿದ್ದಲ್ಲಿ ಕೇಂದ್ರ, ತರಬೇತಾದ ಒಬ್ಬ ಶಿಕ್ಷಕ, ಒಂದು ಪೆಟ್ಟಿಗೆ ಆಟಿಕೆ ಮತ್ತು ಒಂದು ಶ್ರವಣ ಯಂತ್ರ. ಸಾಬಮ್ಮ ಕೊನೆಯ ಎರಡು ಪದಗಳನ್ನು ಮೂರು ಸಲ ಓದಿದಳು. ಅವಳಿಗೆ ಕುಣಿಯಬೇಕೆನ್ನುವಷ್ಟು ಸಂತೋಷವಾಯಿತು. ಮೂವತ್ತು ಮಕ್ಕಳು ಎಲ್ಲಿಂದ ಬರಬೇಕೆಂಬ ಚಿಂತೆ ಅವಳದಾಗಿತ್ತು, ಇಲಾಖೆಯದಲ್ಲ.

ತಪಾಸಣೆಗೆ ಯೋಜನಾಧಿಕಾರಿ ದೌಲತರಾಯ ಸಾಹೇಬರು ಜೀಪಿನಲ್ಲಿ ಬಂದರು. ನಿಯಮದಂತೆ ಮಕ್ಕಳ ವಯಸ್ಸನ್ನು ಶಾಲೆಯ ರಜಿಸ್ಟರಿನಿಂದ ತೆಗೆದುಕೊಂಡು, ಐದು ವರ್ಷದವರ ಪ್ರಶ್ನಾವಳಿಯನ್ನು ಹಿಡಿದು ಕುಳಿತರು. ಭೀಮಶಾ ಎಂಬ ಬಾಲಕನನ್ನು ಇಪ್ಪತ್ತರವರೆಗೆ ಎಣಿಸಲು ಹೇಳಲಾಯಿತು. ಅವನು ಮೂರರವರೆಗೆ ಎಣಿಸಿ, ತನ್ನ ಮನೆಯ ಎಮ್ಮೆ ಕರು ಹಾಕಿದ್ದನ್ನು, ಅದರ ಬಣ್ಣವನ್ನು, ಅಪ್ಪ ಅದಕ್ಕೆ ಬೈದದ್ದನ್ನು ಉಸಿರು ಬಿಡದೆ ವರದಿ ಮಾಡಿದನು. ಸಾಹೇಬರು “ಎಣಿಕೆ ಇಲ್ಲ, ವಿಷಯಾಂತರ ಇದೆ” ಎಂದು ಬರೆದುಕೊಂಡರು. ಗುಂಡಿ ಹಾಕಿಕೊಳ್ಳಲು ಹೇಳಿದರೆ ಅರ್ಧದಷ್ಟು ಮಕ್ಕಳ ಮೈಮೇಲೆ ಅಂಗಿಯೇ ಇರಲಿಲ್ಲ. ಒಂಟಿಗಾಲಲ್ಲಿ ಹತ್ತು ಸಲ ಜಿಗಿಯಲು ಹೇಳಿದರೆ ಎಲ್ಲರೂ ಬಿದ್ದರು, ಬಿದ್ದವರು ಅತ್ತರು, ಅಳುವವರನ್ನು ನೋಡಿ ಉಳಿದವರು ನಕ್ಕರು.

ಕೊನೆಗೆ ನಿಂಬೆವ್ವ. ಅವಳ ವಯಸ್ಸು ನಾಲ್ಕೆಂದು ಹೆರಿಗೆ ಆಸ್ಪತ್ರೆಯ ಚೀಟಿ ಹೇಳುತ್ತಿದ್ದರಿಂದ ನಾಲ್ಕು ವರ್ಷದವರ ಪ್ರಶ್ನಾವಳಿ ತೆರೆಯಲಾಯಿತು. ಸಾಹೇಬರು “ಕೂಡ್ರು” ಎಂದು ಕೈ ಕೆಳಗೆ ಮಾಡಿದರು, ಕುಳಿತಳು. “ಮಣಿ ಪೋಣಸು” ಎಂದು ದಾರ ತೋರಿಸಿದರು, ಪೋಣಿಸಿದಳು. “ನಿನ್ನ ಹೆಸರೇನವ್ವ?” ಎಂದರು, ಅವಳು ಅವರ ಮೀಸೆ ನೋಡಿ ನಕ್ಕು ತಲೆ ತಗ್ಗಿಸಿದಳು. ಸಾಹೇಬರು ಮೆಚ್ಚಿ, “ಮಾತು: ಲಜ್ಜೆಯಿಂದ ಆಡಲಿಲ್ಲ, ಹೆಣ್ಣುಮಗುವಿಗೆ ಸಹಜ” ಎಂದು ಬರೆದರು.

“ಲಜ್ಜೆ ಅಲ್ರಿ ಸರ, ಆಕಿಗಿ ಕೇಳಸಂಗಿಲ್ಲ!” ಎಂದಳು ಸಾಬಮ್ಮ. ತೋರಿಸಿಕೊಡಬೇಕೆಂದು ಉಪ್ಪಿಟ್ಟಿನ ಹಿತ್ತಾಳೆ ತಾಟನ್ನು ಎತ್ತಿ ಮಗಳ ಬೆನ್ನ ಹಿಂದಿನ ಕಲ್ಲಿಗೆ ಅಪ್ಪಳಿಸಿದಳು. ಮೂವತ್ತೆಂಟು ಮಕ್ಕಳು ಬೆಚ್ಚಿ ತಿರುಗಿದವು. ಜೀಪಿನ ಡ್ರೈವರ್ ಓಡಿಬಂದನು. ನಿಂಬೆವ್ವ ಮಣಿ ಪೋಣಿಸುತ್ತಿದ್ದಳು.

“ಭೇಷ್!” ಎಂದರು ದೌಲತರಾಯರು. “ಏಕಾಗ್ರತೆಯ ಪರೀಕ್ಷೆ ಮರತೇ ಬಿಟ್ಟಿದ್ದೆ, ಬರೋಬ್ಬರಿ ನೆನಪು ಮಾಡಿದ್ರಿ ಟೀಚರ್.” ನಿಂಬೆವ್ವನಿಗೆ ಹತ್ತಕ್ಕೆ ಹತ್ತು. ತಿರುಗಿ ನೋಡಿದವರಿಗೆ ಸೊನ್ನೆ.

“ಸರ, ನಾ ಆಕಿ ತಾಯಿ. ನಾ ಹೇಳಾಕತ್ತೇನಿ, ಆಕಿಗಿ ಕಿವಿ ಇಲ್ರಿ.”

“ತಾಯಿ ಹೇಳಿಕೆ ನಡೀತದ್ರಿ. ಆದ್ರ ನೀವು ಸಿಬ್ಬಂದಿ. ಸಿಬ್ಬಂದಿ ತಮ್ಮ ಮಕ್ಕಳ ಬಗ್ಗೆ ಕೊಟ್ಟ ಹೇಳಿಕೆ ಸ್ವಾರ್ಥದ್ದು ಅಂತ ನಿಯಮದಾಗ ಸ್ಪಷ್ಟ ಅದ.”

ಮರುವಾರ ಫಲಿತಾಂಶವನ್ನು ಶಾಲೆಯ ಗೋಡೆಗೆ ಅಂಟಿಸಲಾಯಿತು. ಬಸವಂತವಾಡಿಯ ಮೂವತ್ತೊಂಬತ್ತು ಮಕ್ಕಳಲ್ಲಿ ಮೂವತ್ತೆಂಟು ಮಕ್ಕಳು ಬೆಳವಣಿಗೆಯಲ್ಲಿ ತೀವ್ರವಾಗಿ ಹಿಂದುಳಿದಿದ್ದು, ಒಂದು ಮಗು ಸರ್ವಾಂಗೀಣವಾಗಿ ಸಹಜವಾಗಿತ್ತು. ಊರವರು ಒಂದು ದಿನ ಗಾಬರಿಯಾದರು. ಹಿಂದುಳಿದವರಿಗೆ ಎರಡು ಪಾಲು ಉಪ್ಪಿಟ್ಟು ಮತ್ತು ಎರಡು ಜೊತೆ ಬಟ್ಟೆ ಎಂದು ಎರಡನೆಯ ದಿನ ತಿಳಿಯಿತು. ಭೀಮಶಾನ ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಸಾಬಮ್ಮನನ್ನು ಕಂಡವರು “ಪಾಪ, ನಿನ್ನ ಮಗಳಿಗೇ ಸಿಗಲಿಲ್ಲ ನೋಡು” ಎಂದು ಮನಃಪೂರ್ವಕ ಮರುಗಿದರು.

ಸಾಬಮ್ಮನಿಗೆ ಸಿಟ್ಟು ಬಂತು, ಅಳು ಬಂತು, ಎರಡನ್ನೂ ನುಂಗಿಕೊಂಡು ಅವಳು ದೊಡ್ಡಪ್ಪ ಮಾಸ್ತರರ ಮುಂದೆ ಹೋಗಿ ನಿಂತಳು.

“ಸರ, ನಿಮ್ಮ ಕಾಲಿಗಿ ಬೀಳ್ತೇನಿ. ನನ್ನ ಮಗಳಿಗೂ ಒಂದು ಜೂನ್ ಒಂದು ಬರೀರಿ. ಐದು ಅಂತ ಬರೀರಿ.”

ಮಾಸ್ತರರ ಮುಖ ಕೆಂಪಾಯಿತು. “ಸುಳ್ಳ ಬರಿ ಅಂತೀಯೇನ್ ತಂಗಿ? ಮೂವತ್ತು ವರ್ಷ ಸರ್ವೀಸಿನಾಗ ರಜಿಸ್ಟರಿಗಿ ಒಂದು ಕಾಟು ಬಿದ್ದಿಲ್ಲ. ಸರ್ಟಿಫಿಕೇಟ್ ಆದ ಸಹಜ ಕೂಸಿಗಿ ನಾ ಕೈ ಹಚ್ಚಂಗಿಲ್ಲ.”

ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ದೇವರೂ ನಮೂನೆ ಭರ್ತಿ ಮಾಡಿಯೇ ಕೊಡಬೇಕಾಗಿತ್ತು.

ಸಂಕ್ರಾಂತಿಗೆ ಕೇಂದ್ರ ಆರಂಭವಾಯಿತು. ತರಬೇತಾದ ಶಿಕ್ಷಕ ಮುರ್ತುಜಾ ಮಾಸ್ತರು ಬಂದರು. ಒಳ್ಳೆಯ ಮನುಷ್ಯ, ಕಿವುಡು ಮಕ್ಕಳಿಗೆ ತುಟಿ ನೋಡಿ ಮಾತು ಕಲಿಸುವುದನ್ನು ಎರಡು ವರ್ಷ ಓದಿ ಬಂದವರು. ಮೂವತ್ತೆಂಟು ಮಕ್ಕಳ ಗದ್ದಲವನ್ನು ಅರ್ಧ ತಾಸು ಕೇಳಿ, “ಇವರಿಗಿ ಏನಾಗ್ಯಾದ್ರಿ?” ಎಂದು ಸಾಬಮ್ಮನನ್ನು ಕೇಳಿದರು. “ವಯಸ್ಸಾಗ್ಯಾದ್ರಿ” ಎಂದಳು ಸಾಬಮ್ಮ. ಆಮೇಲೆ ಪಡಸಾಲೆಯ ಮೂಲೆಯಲ್ಲಿದ್ದ ನಿಂಬೆವ್ವನನ್ನು ನೋಡಿದರು. ಐದು ನಿಮಿಷದಲ್ಲಿ ಅವರಿಗೆ ಎಲ್ಲ ಗೊತ್ತಾಯಿತು. ಆ ದಿನವೇ ಕಚೇರಿಗೆ ಕಾಗದ ಬರೆದರು. ನಾಲ್ಕು ತಿಂಗಳ ನಂತರ ಉತ್ತರ ಬಂತು:

“ಸಹಜವೆಂದು ಘೋಷಿತವಾದ ಮಗುವಿನಲ್ಲಿ ನ್ಯೂನತೆಯನ್ನು ಕಂಡುಹಿಡಿದಿರುವುದು ಅಧಿಕಾರ ವ್ಯಾಪ್ತಿಯನ್ನು ಮೀರಿದ ಕ್ರಮವಾಗಿದೆ. ಸದರಿ ಮಗುವಿಗೆ ಮೊದಲ ತಪಾಸಣೆಯಾದ ಎರಡು ವರ್ಷಗಳ ಬಳಿಕ ಮರುತಪಾಸಣೆಗೆ ಅವಕಾಶವಿದೆ. ಅಲ್ಲಿಯವರೆಗೆ ಅದನ್ನು ಕೇಂದ್ರದಲ್ಲಿ ‘ಆದರ್ಶ ಮಗು’ವನ್ನಾಗಿ ಕೂಡ್ರಿಸಿಕೊಂಡು ಉಳಿದ ಮಕ್ಕಳಿಗೆ ಮಾದರಿಯಾಗಿ ತೋರಿಸಬಹುದು.”

ಸಾಬಮ್ಮ ಇದಕ್ಕೂ ಸಂತೋಷಪಟ್ಟಳು. ಮಾಸ್ತರರ ಹತ್ತಿರವಾದರೂ ಇರುತ್ತಾಳಲ್ಲ, ತುಟಿ ನೋಡಿ ನಾಲ್ಕು ಮಾತು ಕಲಿತಾಳು. ಆದರೆ ಆದರ್ಶ ಮಗುವಿನ ಆಸನಕ್ಕೂ ನಿಯಮವಿತ್ತು. ಅದು ಮಕ್ಕಳೆಲ್ಲರಿಗೂ ಕಾಣುವಂತೆ ಮುಂದೆ, ಅವರಿಗೆ ಎದುರಾಗಿ, ಶಿಕ್ಷಕರಿಗೆ ಬೆನ್ನು ಮಾಡಿ ಇರತಕ್ಕದ್ದು. ಮುರ್ತುಜಾ ಮಾಸ್ತರು ಕುರ್ಚಿಯನ್ನು ತಿರುಗಿಸಿದಾಗ ತಪಾಸಣೆಗೆ ಬಂದ ಮೇಲ್ವಿಚಾರಕರು ಅವರಿಗೆ ನೋಟೀಸು ಕೊಟ್ಟರು. ಮತ್ತೊಮ್ಮೆ ತಿರುಗಿಸಿದಾಗ ಒಂದು ವೇತನ ಬಡ್ತಿ ತಡೆದರು. ಮೂರನೆಯ ಸಲ ಅವರು ತಿರುಗಿಸಲಿಲ್ಲ. ಅವರಿಗೂ ಮನೆಯಲ್ಲಿ ಮಕ್ಕಳಿದ್ದವು.

ಶ್ರವಣ ಯಂತ್ರವನ್ನು ಪಟ್ಟಿಯ ಮೊದಲ ಕ್ರಮಾಂಕದವನಾದ ಭೀಮಶಾನಿಗೆ ತೊಡಿಸಲಾಯಿತು. ಅವನು “ಕಿವಿಯಾಗ ಬಸ್ ಬಂತು!” ಎಂದು ಊರು ಒಂದು ಮಾಡಿದನು. ಹಿಂದುಳಿದಿದ್ದರಿಂದ ಹೊಂದಿಕೆ ತಡವಾಗುತ್ತಿದೆ ಎಂದು ದಾಖಲಿಸಿ, ಯಂತ್ರವನ್ನು ಕಪಾಟಿನಲ್ಲಿಟ್ಟು ಅರಗಿನ ಮುದ್ರೆ ಹಾಕಲಾಯಿತು. ಸಾಬಮ್ಮ ದಿನಾಲು ಆ ಕಪಾಟಿನ ಧೂಳು ಒರೆಸುತ್ತಿದ್ದಳು, ಅದು ಅವಳ ಕೆಲಸದಲ್ಲಿ ಸೇರಿತ್ತು.

ಮೊದಲ ತಪಾಸಣೆಯಾಗಿ ಎರಡು ವರ್ಷ ಕಳೆದವು. ಮೂವತ್ತೆಂಟು ಮಕ್ಕಳಿಗೆ ಅದೇ ಐದು ವರ್ಷದವರ ಪ್ರಶ್ನಾವಳಿಯನ್ನು ಮತ್ತೆ ಕೊಡಲಾಯಿತು. ಖರೇ ಐದು ವರ್ಷದವರಾಗಿದ್ದ ಮಕ್ಕಳು ಇಪ್ಪತ್ತರವರೆಗೆ ಎಣಿಸಿದರು, ಗುಂಡಿ ಹಾಕಿಕೊಂಡರು, ಒಂಟಿಗಾಲಲ್ಲಿ ಜಿಗಿದರು. ನೂರಕ್ಕೆ ನೂರು ಗುಣಮುಖ! ಜಿಲ್ಲೆಯಲ್ಲೇ ಇಂಥದ್ದು ಆಗಿರಲಿಲ್ಲ. ದೌಲತರಾಯ ಸಾಹೇಬರಿಗೆ ಶಾಲು ಹೊದಿಸಿದರು, ದೊಡ್ಡಪ್ಪ ಮಾಸ್ತರರಿಗೆ ಪ್ರಶಸ್ತಿ ಪತ್ರ ಬಂತು.

ಅದೇ ದಿನ ನಿಂಬೆವ್ವನ ಮರುತಪಾಸಣೆಯೂ ನಡೆಯಿತು. ಈ ಸಲ ಗುಲಬರ್ಗಾದ ಡಾಕ್ಟರರನ್ನೇ ಕರೆಸಿದ್ದರು. ಅವರು ಹುಡುಗಿಯ ಕಿವಿ ಪರೀಕ್ಷಿಸಿ, ಹುಟ್ಟಿನಿಂದಲೇ ತೀವ್ರ ಕಿವುಡು ಎಂದು ಬರೆದುಕೊಟ್ಟರು. ಸಾಹೇಬರು ಚೀಟಿ ಓದಿ ನಿಜವಾಗಿಯೂ ನೊಂದುಕೊಂಡರು.

“ಆರು ತುಂಬಿ ಹನ್ನೊಂದು ದಿನ ಆಗ್ಯಾವ್ರಿ ಟೀಚರ್. ಈಗ ಯೋಜನೆಯಾಗ ಬರಂಗಿಲ್ಲ. ಅಲ್ರಿ, ಇದು ಎಳೀ ವಯಸ್ಸಿನಾಗೇ ನೋಡೋ ಕೆಲಸ. ಲಗೂ ಯಾಕ ತೋರಿಸಲಿಲ್ಲ ನೀವು?”

ಸಾಬಮ್ಮ ಬಾಯಿ ತೆರೆದಳು. “ತೋರಿಸೀನಿ ಸರ” ಎಂದಷ್ಟೇ ಅಂದಳು.

“ದಾಖಲೆಯಾಗ ಇಲ್ಲಲ್ರಿ” ಎಂದರು ಸಾಹೇಬರು, ಅತ್ಯಂತ ಮೃದುವಾಗಿ.

ಪ್ರಕರಣ ಮುಕ್ತಾಯಗೊಳಿಸಲು ಒಂದು ನಮೂನೆ ಇತ್ತು. ಅದರಲ್ಲಿ “ಗುರುತಿಸುವಿಕೆ ತಡವಾದ ಕಾರಣ” ಎಂಬ ಕಲಮು. ಇಲಾಖೆಯ ತಪ್ಪು ಎಂದು ಬರೆಯಲು ಅಲ್ಲಿ ಜಾಗವಿರಲಿಲ್ಲ. “ತಾಯಿಯ ನಿರ್ಲಕ್ಷ್ಯ” ಎಂದು ಮೊದಲೇ ಅಚ್ಚಾಗಿತ್ತು, ಗುರುತು ಹಾಕಿದರೆ ಸಾಕು. ಕೆಳಗೆ ಎರಡು ಸಹಿ ಬೇಕು. ಒಂದು, ನಿರ್ಲಕ್ಷ್ಯವನ್ನು ಒಪ್ಪಿಕೊಂಡ ತಾಯಿಯದು. ಇನ್ನೊಂದು, ಆ ನಿರ್ಲಕ್ಷ್ಯವನ್ನು ಸ್ಥಳದಲ್ಲಿ ಪರಿಶೀಲಿಸಿ ಖಚಿತಪಡಿಸಿದ ಅಂಗನವಾಡಿ ಕಾರ್ಯಕರ್ತೆಯದು. ಸಾಬಮ್ಮ ಎರಡೂ ಕಡೆ ಸಹಿ ಮಾಡಿದಳು. ಎರಡು ಸಹಿಗಳೂ ಒಂದೇ ತರಹ ಇರುವುದನ್ನು ಗುಮಾಸ್ತರು ಆಕ್ಷೇಪಿಸಿದ್ದರಿಂದ, ತಾಯಿಯ ಸಹಿಯನ್ನು ಹೊಡೆದುಹಾಕಿ ಅಲ್ಲಿ ಹೆಬ್ಬೆಟ್ಟು ಒತ್ತಿಸಲಾಯಿತು.

ಮುಂದಿನ ಶುಕ್ರವಾರ ತಾಯಂದಿರ ಸಭೆ. ಇಂಥ ನಿರ್ಲಕ್ಷ್ಯ ಮತ್ತೆ ಆಗಬಾರದೆಂದು ಸದರಿ ಪ್ರಕರಣವನ್ನು ಗಟ್ಟಿಯಾಗಿ ಓದಿ ತಿಳಿವಳಿಕೆ ಕೊಡಲು ಕಾರ್ಯಕರ್ತೆಗೆ ಆದೇಶವಾಗಿತ್ತು. ಸಾಬಮ್ಮ ಒಂದಕ್ಷರ ಬಿಡದೆ ಓದಿದಳು. ನಿಂಬೆವ್ವ ಅವಳ ಪಕ್ಕದಲ್ಲಿ ಕುಳಿತು, ಅವ್ವನ ತುಟಿಯನ್ನೇ ನೋಡುತ್ತ, ತನ್ನ ತುಟಿಯನ್ನೂ ಹಾಗೇ ಆಡಿಸುತ್ತಿದ್ದಳು. ಓದಿ ಮುಗಿದ ಮೇಲೆ ಭೀಮಶಾನ ಅವ್ವ ನಿಟ್ಟುಸಿರು ಬಿಟ್ಟು, “ಏನೇ ಅನ್ರಿ, ತಾಯಿ ಆದಾಕಿ ಮೊದಲ ನೋಡಬೇಕಿತ್ತು” ಎಂದಳು. ಹೌದೆಂದು ಎಲ್ಲರೂ ತಲೆದೂಗಿದರು. ಸಾಬಮ್ಮನೂ ಹೌದೆಂದು ಹೇಳಿ, ಸಭೆಯು ಸರ್ವಾನುಮತದಿಂದ ಒಪ್ಪಿತೆಂದು ನಡಾವಳಿ ಪುಸ್ತಕದಲ್ಲಿ ಬರೆದಳು.