ಗಿಡ್ಡ ಫಿಲ್ಟರು, ಉದ್ದ ಫಿಲ್ಟರು

ಸದ್ದಿನ ಕೆಲಸ ಮಾಡುವವನಿಗೆ ದಿನಕ್ಕೊಂದು ಬೆರಗು ತಪ್ಪಿದ್ದಲ್ಲ. ನಾನು ಬಹಳ ಜಾಣ ಅಂದುಕೊಂಡ ದಿನ ಎರಡು.

ಸಿಂಧನೂರಿನಲ್ಲಿ ನನ್ನದೊಂದು ಮೈಕ್‌ಸೆಟ್ ಮತ್ತು ರೆಕಾರ್ಡಿಂಗ್ ಅಂಗಡಿ. ಸದ್ದನ್ನು ಅಂಕಿಗಳಾಗಿಸಿ, ಬೇಡದ್ದನ್ನು ಲೆಕ್ಕದಲ್ಲೇ ಸೋಸಿಬಿಡುವ ಡಿಜಿಟಲ್ ಫಿಲ್ಟರುಗಳೆಂದರೆ ನನಗೆ ಹುಚ್ಚು. ಅವುಗಳಲ್ಲಿ ಎರಡು ಜಾತಿ. ಗಿಡ್ಡದ್ದು ನಾಲ್ಕಾರು ಗುಣಾಕಾರದಲ್ಲಿ ಕೆಲಸ ಮುಗಿಸುತ್ತದೆ, ಆದರೆ ಸದ್ದನ್ನು ತುಸು ಸೊಟ್ಟ ಮಾಡುತ್ತದೆ. ಉದ್ದದ್ದು ಸಾವಿರಾರು ಗುಣಾಕಾರ ಮಾಡಿ ನೀಟಾಗಿ ಸೋಸುತ್ತದೆ, ಆದರೆ ತಡ. ಯಾವುದು ಮೇಲೆಂದು ಹೋಲಿಸಿ ನೋಡಲು ಹೋದಲ್ಲೆಲ್ಲ ಲ್ಯಾಪ್‌ಟಾಪ್ ಒಯ್ಯುತ್ತೇನೆ.

೧. ಕರಿ ಐದು

ಗೊರೇಬಾಳದಲ್ಲಿ ಭಜನೆ. ಶುರುವಾಗುವ ಮೊದಲೇ ಮೈಕು ಕುಂಯ್ಯೆಂದು ಕೂಗತೊಡಗಿತು. ಆ ಕೂಗು ಯಾವ ಸ್ವರದಲ್ಲಿದೆ ಎಂದು ಗೊತ್ತಾದರೆ ಅದೊಂದನ್ನೇ ಕತ್ತರಿಸಬಹುದು. ನಾನು ಪರದೆಯ ಮೇಲೆ ಹುಡುಕುತ್ತಿದ್ದೆ. ಹಾರ್ಮೋನಿಯಂ ಮುಂದೆ ಕೂತಿದ್ದ ಮುದುಕರು ಅಂದರು:

"ತಮ್ಮಾ, ಕರಿ ಐದು ಕೂಗಾಕತ್ತೈತಿ. ಅದನ್ನ ತಗಿ."

"ಇದು ಕಂಪ್ಯೂಟರ್ ಲೆಕ್ಕ ಕಾಕಾ, ತಡೀರಿ."

ಅವರು ತಡೆಯಲಿಲ್ಲ. ಐದನೇ ಕರಿ ಮನೆ ಒತ್ತಿದರು. ಪೆಟ್ಟಿಗೆಯ ಸ್ವರವೂ ಮೈಕಿನ ಕೂಗೂ ಹಾಲಲ್ಲಿ ಹಾಲು ಬೆರೆತಂತೆ ಒಂದಾದವು. ಆಮೇಲೆ ನನ್ನ ಪರದೆಯಲ್ಲೂ ಅದೇ ಸ್ವರದ ಅಂಕಿ ಬಂತು. ಮೈ ಜುಮ್ಮೆಂದಿತು. ಗಿಡ್ಡ ಫಿಲ್ಟರ್ ಹಾಕಿದೆ, ಕೂಗು ನಿಂತಿತು. ಆದರೆ ಅದರ ಜೊತೆ ಪೆಟ್ಟಿಗೆಯ ಕರಿ ಐದೂ ಸಣ್ಣಗಾಯಿತು! ಉದ್ದದ್ದನ್ನು ಹಾಕಲೇ ಎಂದು ನಾನು ಯೋಚಿಸುವಷ್ಟರಲ್ಲಿ ಅಜ್ಜ ಇಡೀ ಮೇಳವನ್ನು ಬೇರೆ ಶ್ರುತಿಗೆ ಇಳಿಸಿಬಿಟ್ಟಿದ್ದರು.

"ನಾವs ಬದಲಾಗ್ತೀವಿ ತಮ್ಮಾ. ಪಾಪ, ಅದಕ್ಕ್ಯಾಕ ತ್ರಾಸು?"

೨. ಅವರು ಮುಗಿಸಲಿ

ಮಸ್ಕಿಯ ಶಾಲೆಯೊಂದರ ಸಮಾರಂಭ. ನಿವೃತ್ತ ಹೆಡ್‌ಮಾಸ್ತರರ ಭಾಷಣವಿತ್ತು. ಒಮ್ಮೆ ಮೈಕ್ ಹಿಡಿದರೆ ಅವರನ್ನು ನಿಲ್ಲಿಸಿದವರು ಊರಲ್ಲಿಲ್ಲ. ನಾನು ಉದ್ದ ಫಿಲ್ಟರ್ ಹಾಕಿದೆ. ಧ್ವನಿ ಗಾಜಿನಷ್ಟು ಸ್ವಚ್ಛ. ಆದರೆ ಅವರ ಬಾಯಿಂದ ಹೊರಟ ಮಾತು ಲೆಕ್ಕವೆಲ್ಲ ಮುಗಿಸಿಕೊಂಡು, ಚೂರು ತಡವಾಗಿ, ಅವರ ಕಾಲ ಬಳಿಯ ಸ್ಪೀಕರಿನಿಂದ ಹೊರಗೆ ಬರುತ್ತಿತ್ತು.

"ಮಾನ್ಯರೇ..." ಎಂದರು ಮಾಸ್ತರರು. "ಮಾನ್ಯರೇ" ಎಂದಿತು ಸ್ಪೀಕರು. ಅವರು ತೊದಲಿದರು. ಸ್ಪೀಕರೂ ತೊದಲಿತು. ಅವರು ಮೈಕನ್ನು ಪಕ್ಕಕ್ಕೆ ಸರಿಸಿದರು. ನನ್ನನ್ನು ಕರೆದು ಕಿವಿಯಲ್ಲಿ ಅಂದರು:

"ಒಳಗ ಯಾರೋ ಮಾತಾಡಾಕತ್ತಾರಲ್ಲಪಾ. ಮೊದಲ ಅವರು ಮುಗಿಸ್ಲಿ, ಆಮ್ಯಾಲೆ ನಾ ಮಾತಾಡ್ತೀನಿ."

ಹಾಗೆಂದು ಕೂತೇಬಿಟ್ಟರು. ಈಗಿನ ಹೆಡ್‌ಮಾಸ್ತರರು ಓಡಿ ಬಂದು ನನ್ನ ಕೈ ಹಿಡಿದರು. "ಈ ಮಷೀನು ಮಾರಾಕ ಐತೇನ್ರೀ?"

೩. ಜೋಗುಳ

ಲಿಂಗಸುಗೂರಿನಿಂದ ಬಟ್ಟೆ ಹೊಲಿಯುವ ಹೆಣ್ಣುಮಗಳೊಬ್ಬಳು ತನ್ನ ಅಮ್ಮಿಯನ್ನು ಕರೆದುಕೊಂಡು ಅಂಗಡಿಗೆ ಬಂದಳು. ಕೈಯಲ್ಲಿ ಹಳೇ ಕ್ಯಾಸೆಟ್ಟು. ತಾನು ಕೂಸಾಗಿದ್ದಾಗ ಒಂದು ಮಧ್ಯಾಹ್ನ ಅಮ್ಮಿ ಹಾಡಿದ ಜೋಗುಳವಂತೆ. ಅಬ್ಬಾ ತೀರಿಕೊಂಡ ಮೇಲೆ ಅಮ್ಮಿ ಹಾಡುವುದನ್ನೇ ಬಿಟ್ಟಿದ್ದರು.

"ಹಾಡಿನ ಹಿಂದ ಏನೋ ಗುರ್ ಅಂತೈತ್ರೀ. ಅದನ್ನ ತಗದು ಕೊಡ್ರೀ."

ಗಿಡ್ಡದ್ದರಲ್ಲಿ ಸೋಸಿದರೆ ದನಿ ಗಡಸಾಯಿತು. ಉದ್ದದ್ದರಲ್ಲಿ ಸೋಸಿದೆ. ಇಲ್ಲಿ ತಡವಾದರೆ ಕೇಳುವವರಿಲ್ಲ. ಗುರ್ ಪೂರ್ತಿ ಮಾಯ! ಎಳೆಯ ತಾಯಿಯ ದನಿ ಈಗಷ್ಟೇ ಹಾಡಿದಂತೆ ಕೋಣೆ ತುಂಬಿತು. ಮಗಳ ಕಣ್ಣಲ್ಲಿ ನೀರು. ಅಮ್ಮಿ ಮಾತ್ರ ಸುತ್ತಮುತ್ತ ನೋಡಿದರು.

"ಇಕಿ ಅಪ್ಪ ಎಲ್ಲಿ ಹೋದ್ರು?"

"ಅಬ್ಬಾ?" ಎಂದಳು ಮಗಳು.

"ಜೋಗುಳ ಹಾಡಿದ್ದು ನಿನಗ, ನಿದ್ದಿ ಹತ್ತಿದ್ದು ಅವರಿಗೆ. ಅದು ಅವರ ಗೊರಕಿ!"

ನಾನು ನಾಲಿಗೆ ಕಚ್ಚಿಕೊಂಡು ಫಿಲ್ಟರ್ ತೆಗೆದೆ. ಗೊರಕೆ ವಾಪಸು ಬಂತು. ಅಮ್ಮಿ ಕಣ್ಣು ಮುಚ್ಚಿ ಕೇಳಿದರು. ಸಣ್ಣ ದನಿಯಲ್ಲಿ ಕ್ಯಾಸೆಟ್ಟಿನ ಜೊತೆ ತಾವೂ ಹಾಡತೊಡಗಿದರು. ಮಗಳು ಉಸಿರು ಬಿಗಿಹಿಡಿದಳು, ನಾನೂ. ಗೊರಕೆ ಏರಿತು, ಇನ್ನೂ ಏರಿತು, ಹಾಡೇ ಕೇಳದಂತಾಯಿತು. ಅಮ್ಮಿ ಹಾಡು ನಿಲ್ಲಿಸಿ ಸ್ಪೀಕರಿಗೆ ಗದರಿದರು:

"ಏಜೀ, ಮಗ್ಗಲು ಬದಲಿಸ್ರೀ!"

ಗೊರಕೆ ಟಪ್ಪನೆ ನಿಂತಿತು.