ಅಳಿಯನ ಗಂಟಲಿಗಿಳಿಯುವ ಬುತ್ತಿ

ನಮ್ಮ ಅತ್ತೆಯವರು, ಅಂದರೆ ನನ್ನ ಹೆಂಡತಿಯ ತಾಯಿ, ಪ್ರಳಯಕ್ಕೆ ಹೆದರಿದವರಲ್ಲ. ಪ್ರಳಯದ ದಿನ ಮಧ್ಯಾಹ್ನದ ಊಟಕ್ಕೆ ಚಟ್ನಿ ಇರುತ್ತದೋ ಇಲ್ಲವೋ ಎಂಬುದಷ್ಟೇ ಅವರ ಆತಂಕ. ಭೂಮಿ ಬಾಯಿಬಿಟ್ಟರೆ ಅದರ ಬಾಯಿಗೂ ಒಂದು ತುತ್ತು ಇಟ್ಟು, ಆಮೇಲೆ ಮುಂದಿನ ಮಾತು!

ನನ್ನ ಜಾತಿಯೇ ಬೇರೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನಾದ್ದರಿಂದ ಜಗತ್ತಿನಲ್ಲಿ ಏನೇನು ಕೆಡಬಹುದು ಎಂಬುದು ನನಗೆ ಕಾರಣಸಹಿತ ಗೊತ್ತು. ಆಗ ನಾವಿದ್ದದ್ದು ದಾಂಡೇಲಿಯ ಬಂಗೂರನಗರದಲ್ಲಿ. ಮೇಲೆ ಜೋಯಿಡಾದ ಕಾಡಿನಲ್ಲಿ ಡ್ಯಾಮು, ಕೆಳಗೆ ನದಿ, ನಡುವೆ ನಾನು. ಇಂಥ ಭೂಗೋಳದಲ್ಲಿ ಮನುಷ್ಯ ನಿಶ್ಚಿಂತೆಯಿಂದ ಇರುವುದಾದರೂ ಹೇಗೆ? ಉಳಿದ ಊರೆಲ್ಲ ನಿಶ್ಚಿಂತೆಯಿಂದಲೇ ಇತ್ತು ಎನ್ನುವುದು ಬೇರೆ ಮಾತು. ಕಾರ್ಖಾನೆಯ ಭೋಂಗಾ ಎರಡು ನಿಮಿಷ ತಡವಾಗಿ ಕೂಗಿದರೂ ನನ್ನ ಗಂಟಲಿಗೆ ಬೀಗ ಬೀಳುತ್ತಿತ್ತು. ಗಾಬರಿಯಾದರೆ ನನಗೆ ಅನ್ನದ ಒಂದು ಅಗುಳೂ ಇಳಿಯುವುದಿಲ್ಲ. ಮದುವೆಯ ದಿನ ನಾನು ಏನೂ ಉಣ್ಣಲಿಲ್ಲವೆಂಬುದನ್ನು ಹೆಂಡತಿ ಇನ್ನೂ ಮರೆತಿಲ್ಲ.

ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲ. ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ, ಆಪತ್ಕಾಲಕ್ಕೆಂದು ಪ್ರತಿ ಮನೆಯಲ್ಲೂ ಒಂದು ಪೆಟ್ಟಿಗೆ ಸಿದ್ಧವಿರಬೇಕು ಎಂಬ ಲೇಖನ ಬಂದಿತ್ತು. ಬಿಸ್ಕತ್ತು, ಹಾಲಿನಪುಡಿ, ಡಬ್ಬಿಯಲ್ಲಿ ಬರುವ ಹಣ್ಣು, ಗ್ಲೂಕೋಸು. ನನಗೆ ಬಂಧುವೊಬ್ಬ ಸಿಕ್ಕಂತಾಯಿತು! ಅದನ್ನು ಕತ್ತರಿಸಿ ಕಪಾಟಿನ ಬಾಗಿಲಿಗೆ ಅಂಟಿಸಿದೆ. ತಮ್ಮೂರು ತೇರಗಾಂವದಿಂದ ನಾಲ್ಕು ದಿನಕ್ಕೆಂದು ಬಂದು ನಾಲ್ಕನೇ ತಿಂಗಳು ನಡೆಸಿದ್ದ ಅತ್ತೆಯವರು, ನನ್ನ ಹೆಂಡತಿಯಿಂದ ಅದನ್ನು ಪೂರ್ತಿ ಓದಿಸಿ ಕೇಳಿದರು. ಕೇಳಿ, ಸೆರಗಿನಿಂದ ಕನ್ನಡಕ ಒರೆಸಿಕೊಂಡರು. ಅದು ಯುದ್ಧ ಸಾರುವ ಲಕ್ಷಣ.

"ಅಳಿಯಾರ, ಇದನ್ನ ಬರದಾಂವ ಉಂಡ ಬರದಾನೋ, ಉಪಾಸ ಕುಂತ ಬರದಾನೋ?"

"ಯಾಕ್ರಿ ಅತ್ತಿ?"

"ಬಿಸ್ಕೀಟು, ಗ್ಲೂಕೋಸು, ಹಾಲಿನಪುಡಿ! ಇದು ಜ್ವರ ಬಂದವರ ಪಥ್ಯ. ನೀರು ಮನೀ ಹೊಕ್ಕಿರತೈತಿ, ಜೀವ ಕೈಯಾಗ ಹಿಡಕೊಂಡ ಮಾಳಿಗಿ ಮ್ಯಾಲೆ ಕುಂತಿರ್ತೀವಿ, ಆಗ ಬಿಸ್ಕೀಟು ಇಳಿತೈತೇನು?"

ಅಂದು ಅವರು ಎರಡು ಕಾಯ್ದೆ ಹೊರಡಿಸಿದರು. ಮೊದಲನೆಯದು: ಬುತ್ತಿ ಎಂಬುದು ಒಬ್ಬರೇ ಉಣ್ಣುವುದಲ್ಲ, ಬಿಚ್ಚಿದವರು ಪಕ್ಕದಲ್ಲಿ ಕೂತವರಿಗೆ ಕೊಟ್ಟೇ ಉಣ್ಣಬೇಕು. ಎರಡನೆಯದು: ಆಪತ್ತಿನ ಬುತ್ತಿಯಲ್ಲಿ ಏನಿರಬೇಕೆಂಬುದನ್ನು ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೆದರುವವರ ಗಂಟಲೇ ತೀರ್ಮಾನಿಸಬೇಕು. "ಅವರಿಗೆ ಇಳಿತು ಅಂದರ ಎಲ್ಲಾರಿಗೂ ಇಳಿತೈತಿ."

ಮನೆಯಲ್ಲಿ ಅತಿ ಹೆಚ್ಚು ಹೆದರುವವರು ಯಾರು? ಹೆಂಡತಿ ನನ್ನತ್ತ ನೋಡಿದಳು. ಅತ್ತೆಯವರು ನೋಡಿದರು. ಮೊಸರು ಕೊಡಲು ಬಂದು ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಭಾಬಿಯವರೂ, ವಿಷಯವೇ ಗೊತ್ತಿಲ್ಲದಿದ್ದರೂ, ನನ್ನನ್ನೇ ನೋಡಿದರು!

ಹೀಗೆ ನನ್ನ ಗಂಟಲು ಪ್ರಯೋಗಾಲಯವಾಯಿತು. ಆದರೆ ಪ್ರಯೋಗಕ್ಕೆ ನಾನು ಹೆದರಿರಬೇಕಲ್ಲ? ಸುಮ್ಮನೆ ಕೂತಾಗ ತಿಂದರೆ ಲೆಕ್ಕಕ್ಕಿಲ್ಲ. ಒಂದು ಭಾನುವಾರ ಹಿತ್ತಲಿನಿಂದ ಚೀರಾಟ ಕೇಳಿತು. "ಅಳಿಯಾರ, ಓಡಿ ಬರ್ರಿ! ಗ್ಯಾಸ್ ವಾಸನಿ ಬರಾಕತ್ತೈತಿ!" ಅರ್ಧ ಗಡ್ಡ ಹೆರೆದಿದ್ದವನು ಸೋಪಿನ ನೊರೆಯ ಸಮೇತ ಓಡಿದೆ. ಅಡುಗೆಮನೆಯ ಬಾಗಿಲಲ್ಲಿ ಅತ್ತೆಯವರು ತಟ್ಟೆ ಹಿಡಿದು ನಿಂತಿದ್ದರು.

"ಗ್ಯಾಸ್ ಎಲ್ಲೈತ್ರಿ?"

"ಗ್ಯಾಸ್ ಇಲ್ಲ ಏನಿಲ್ಲ. ಹಚ್ಚಿದ ಅವಲಕ್ಕಿ ಐತಿ. ಲಗೂನ ಬಾಯಿಗೆ ಹಾಕ್ಕೋರಿ, ಹೆದರಿಕಿ ಆರೂದ್ರೊಳಗ."

ಹಾಕಿಕೊಂಡೆ. ಅವಲಕ್ಕಿ ನಾಲಿಗೆಯ ತುದಿಯಲ್ಲೇ ಧರಣಿ ಕೂತಿತು. ಅತ್ತೆಯವರು ನನ್ನ ಕುತ್ತಿಗೆಯನ್ನೇ ದಿಟ್ಟಿಸಿ, "ಅವಲಕ್ಕಿ ಕಳೀರಿ" ಎಂದು ತೀರ್ಪು ಕೊಟ್ಟು ಒಳಗೆ ಹೋದರು.

ಶಾಲೆಯ ಇನ್‌ಸ್ಪೆಕ್ಷನ್ ದಿನ ನಾನು ಹೆದರುತ್ತೇನೆಂಬ ಸುದ್ದಿಯನ್ನು ಅವರಿಗೆ ಮಗಳೇ ಮುಟ್ಟಿಸಿದ್ದಳು. ಸಾಹೇಬರು ನನ್ನ ದಾಖಲೆ ಪುಸ್ತಕ ತಿರುವುತ್ತಿದ್ದ ಹೊತ್ತಿಗೆ ಸರಿಯಾಗಿ ಸ್ಟಾಫ್ ರೂಮಿನ ಕಿಟಕಿಯಲ್ಲಿ ಅತ್ತೆಯವರ ಕೈ, ಕಡಕ್ ರೊಟ್ಟಿ, ಶೇಂಗಾ ಚಟ್ನಿ ಪ್ರತ್ಯಕ್ಷವಾದವು! ನನಗೆ ಇಳಿಯಲಿಲ್ಲ. ಸಾಹೇಬರು ಮಾತ್ರ ಎರಡು ರೊಟ್ಟಿ ಮುರಿದು, ಚಟ್ನಿಗೆ ಮೊಸರು ಕೇಳಿ, ಶಾಲೆಯ ಬಗ್ಗೆ ಒಳ್ಳೆಯ ವರದಿ ಬರೆದು ಹೋದರು. ಹೆಡ್ಮಾಸ್ತರರು ಅತ್ತೆಯವರಿಗೆ ಕೈಮುಗಿದರು. ಅತ್ತೆಯವರಿಗೆ ಸಮಾಧಾನವಿಲ್ಲ.

"ಸಾಹೇಬ್ರಿಗೆ ಇಳಿತಲ್ಲ ಅತ್ತಿ?" ಎಂದೆ ಸಂಜೆ.

"ಅವರಿಗೇನ ಹೆದರಿಕಿ? ಅವರು ಹೆದರಸಾಕ ಬಂದವರು. ಅವರ ಗಂಟಲ ಲೆಕ್ಕಕ್ಕ ಹಿಡಿಯಾಕ ಬರೂದಿಲ್ಲ."

ವಿಜ್ಞಾನದ ಮಾಸ್ತರ ನಾನು. ಆದರೆ ಪ್ರಯೋಗದ ಶಿಸ್ತು ಅವರದು.

ಮುಂಡಗೋಡದ ಟಿಬೇಟಿಯನ್ ಕ್ಯಾಂಪಿನಲ್ಲಿ ವರ್ಷಗಟ್ಟಲೆ ಕೆಡದ ಒಣ ಚೀಜು ಸಿಗುತ್ತದೆಂದು ಯಾರೋ ಅವರ ಕಿವಿಗೆ ಹಾಕಿದರು. ಮಗಳನ್ನು ಕಟ್ಟಿಕೊಂಡು ಎರಡು ಬಸ್ಸು ಬದಲಿಸಿ ಹೋಗಿ ತಂದರು. ಸುಣ್ಣದಕಲ್ಲಿನ ಬಣ್ಣ, ಸುಣ್ಣದಕಲ್ಲಿನದೇ ಗುಣ. ಕ್ಯಾಂಪಿನ ಮುದುಕಿ, ಅದನ್ನು ಕಡಿಯಬಾರದು, ಬಾಯಲ್ಲಿಟ್ಟುಕೊಂಡು ತಾಸುಗಟ್ಟಲೆ ಚೀಪಬೇಕು ಎಂದು ಕೈಸನ್ನೆಯಲ್ಲಿ ಹೇಳಿಕೊಟ್ಟಿದ್ದಳಂತೆ. ಈ ಸೂಚನೆ ನನ್ನನ್ನು ತಲುಪುವಷ್ಟರಲ್ಲಿ ನನ್ನ ದವಡೆ ಹಲ್ಲಿಗೆ ತುಂಬಿಸಿದ್ದ ಸಿಮೆಂಟು ಅಂಗೈಯಲ್ಲಿತ್ತು.

"ಹೋಗ್ಲಿ ಬಿಡ್ರಿ, ಇಟ್ಟಿರ್ತೇನಿ" ಎಂದರು ಅತ್ತೆಯವರು. "ಕಳ್ಳ ಬಂದರ ಒಗಿಯಾಕರ ಬರ್ತೈತಿ."

ಆರು ತಿಂಗಳಲ್ಲಿ ಇನ್ನೊಂದು ಅನಾಹುತ. ಗ್ಯಾಸು, ಹಾವು, ಮನೆಗೆ ಪೊಲೀಸು ಎಂದು ಅವರು ಎಬ್ಬಿಸಿದ ಹುಯಿಲುಗಳು ಎಷ್ಟಾದವೆಂದರೆ, ನಾನು ಹೆದರುವುದನ್ನೇ ಬಿಡತೊಡಗಿದೆ! ಜನ್ಮದಲ್ಲಿ ಮೊದಲ ಬಾರಿಗೆ ನನಗೆ ಧೈರ್ಯದಂಥದ್ದೇನೋ ಬರುತ್ತಿತ್ತು. ಹೆಂಡತಿ ಖುಷಿಪಟ್ಟಳು. ಅತ್ತೆಯವರು ಭಾಬಿಯವರ ಮುಂದೆ ಕೂತು ದುಃಖ ತೋಡಿಕೊಂಡರು. "ಅಳಿಯಾರು ಹೆದರೂದ ಬಿಟ್ಟಾರ ನೋಡ್ರಿ. ಇನ್ನ ನಾ ಯಾರ ಮ್ಯಾಲೆ ಪರೀಕ್ಷಾ ಮಾಡಿ ನೋಡ್ಲಿ?"

ಅಷ್ಟರಲ್ಲಿ ಮೊದಲನೆಯ ಕಾಯ್ದೆಯ ಪರಿಣಾಮವೂ ಕಾಣತೊಡಗಿತ್ತು. ನೀರು ಬಂದಾಗ ಮಾಳಿಗೆಯ ಮೇಲೆ ಭಾಬಿಯವರ ಮನೆಯವರೂ ಇರುತ್ತಾರಲ್ಲ, ಅವರು ನೋಡುತ್ತ ಕೂರುತ್ತಾರೇನು? ನನ್ನ ಗಂಟಲಿನ ತೀರ್ಪು ಬರುವತನಕ ಎಂದು ಡಬ್ಬಿಗೆ ತುಂಬಿದ್ದ ನಮ್ಮ ರೊಟ್ಟಿಯ ಜೊತೆಗೆ ಅವರ ನಾಲ್ಕು ಜನದ ರೊಟ್ಟಿಯೂ ಸೇರಿತು. ಅವರು ಸುಮ್ಮನಿರುತ್ತಾರೆಯೇ? ಶಾವಿಗೆ ಕೊಟ್ಟರು. ಆಚೆಮನೆಯ ಜೋಯಿಡಾದವರು ಹಲಸಿನ ಹಪ್ಪಳ ಕೊಟ್ಟರು. ಕೊಟ್ಟ ಮೇಲೆ ಅವರಿಗೂ ರೊಟ್ಟಿ ಸೇರಿತು. ಡಬ್ಬಿ ಹೋಗಿ ಪೆಟ್ಟಿಗೆಯಾಗಿ, ಪೆಟ್ಟಿಗೆ ಹೋಗಿ ಹೆಂಡತಿಯ ಮದುವೆಯ ಟ್ರಂಕು ಬಂತು. ಅದರಲ್ಲಿದ್ದ ಸೀರೆಗಳು ನನ್ನ ಪುಸ್ತಕದ ಕಪಾಟಿಗೆ ಬಂದವು. ಪ್ರತಿ ಅಮಾವಾಸ್ಯೆಗೆ ಟ್ರಂಕಿನ ಹಳೆಯ ಮಾಲು ತೆಗೆದು ಹೊಸದು ತುಂಬುವುದು, ಹಳೆಯದನ್ನು ನಾವು ತಿಂದು ಮುಗಿಸುವುದು. ಹೀಗೆ ಯಾವ ಆಪತ್ತೂ ಬರದೆ ನಾವು ವರ್ಷಾನುಗಟ್ಟಲೆ ಸಂತ್ರಸ್ತರ ಊಟ ಉಂಡೆವು!

"ಅತ್ತಿ, ನೀರು ಬಂದರ ಈ ಟ್ರಂಕು ಮಾಳಿಗಿಗೆ ಹೊರೂದು ಯಾರ್ರಿ?"

"ನೀವ. ಅದಕ್ಕ ಹೇಳೂದು, ಹೊಟ್ಟಿ ತುಂಬ ಉಣ್ರಿ ಅಂತ."

ಕೊನೆಗೊಮ್ಮೆ ನಿಜವಾದ ಎಚ್ಚರಿಕೆ ಹೊತ್ತು ಜೀಪು ಬಂತು. ಮಳೆ ಜೋರಾಗಿದೆ, ಡ್ಯಾಮಿನ ಬಾಗಿಲು ತೆಗೆಯುತ್ತಾರೆ, ನದಿಗೆ ಯಾರೂ ಇಳಿಯಬೇಡಿ ಎಂದು ಮೈಕಿನಲ್ಲಿ ಕೂಗುತ್ತ ಮಧ್ಯಾಹ್ನ ನಮ್ಮ ಬೀದಿಯಲ್ಲಿ ಹಾದುಹೋಯಿತು. ನನ್ನ ಹೊಸ ಧೈರ್ಯ ಜೀಪಿನ ಹಿಂದೆಯೇ ಹೊರಟುಹೋಯಿತು. ಸರ್ಟಿಫಿಕೇಟುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹೊಟ್ಟೆಗೆ ಕಟ್ಟಿಕೊಂಡೆ. ಅತ್ತೆಯವರು ಟ್ರಂಕು ತೆಗೆಯದೆ, ಮಗಳಿಗೆಂದು ಬಿಸಿ ಚಪಾತಿ ಮುರಿದು ಬೆಲ್ಲ, ತುಪ್ಪ ಹಾಕಿ ಕಲಸಿ ಕೊಟ್ಟರು. ಸಣ್ಣವಳಿದ್ದಾಗ ಗುಡುಗಿಗೆ ಹೆದರಿ ಅತ್ತರೆ ಅದನ್ನೇ ಕೊಡುತ್ತಿದ್ದರಂತೆ. ನಾನು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ತಿರುಗುತ್ತಿದ್ದೆ.

"ಏನ್ರೀ, ನನ್ನ ಬಟ್ಟಲ ಖಾಲಿ ಮಾಡೀರಲ್ರೀ!" ಎಂದಳು ಹೆಂಡತಿ.

ನೋಡುತ್ತೇನೆ, ಬಟ್ಟಲು ನನ್ನ ಕೈಯಲ್ಲಿದೆ; ಬೆರಳಿಗೆ ಬೆಲ್ಲ ಅಂಟಿದೆ. ಯಾವಾಗ ತಿಂದೆನೋ ದೇವರಿಗೇ ಗೊತ್ತು. ಅತ್ತೆಯವರು ಒಮ್ಮೆ ನನ್ನ ಕುತ್ತಿಗೆಯನ್ನು ನೋಡಿದರು. ನೀರು ದಂಡೆಯ ಗದ್ದೆಗಳವರೆಗೆ ಬಂದು ಹಿಂದೆ ಹೋಯಿತು.

ಆಪತ್ತು ಬಂದದ್ದು ಎರಡು ವರ್ಷದ ನಂತರ, ಒಂದು ಹನಿ ಮಳೆಯಿಲ್ಲದ ಮಾರ್ಚ್ ತಿಂಗಳಲ್ಲಿ. ಅತ್ತೆಯವರು ತಮ್ಮ ಅಕ್ಕನನ್ನು ನೋಡಲು ತೇರಗಾಂವಕ್ಕೆ ಹೋಗಿದ್ದರು. ಬೆಳಗಿನ ಜಾವ ಹೆಂಡತಿಗೆ ಹೊಟ್ಟೆನೋವು ಶುರುವಾಯಿತು, ಎದ್ದು ನಿಲ್ಲಲಾರಳು. ಭಾಬಿಯವರ ಯಜಮಾನರು ಜೀಪು ತಂದರು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರು, "ಒಳಗೆ ಅಪೆಂಡಿಕ್ಸ್ ಒಡೆದಿದೆ, ತಡ ಮಾಡುವ ಹಾಗಿಲ್ಲ" ಎಂದು ಅವಳನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ದರು. ತೇರಗಾಂವಕ್ಕೆ ಫೋನು ಮಾಡಿ ಬೆಂಚಿನ ಮೇಲೆ ಕೂತೆ. ವರ್ಷಗಟ್ಟಲೆ ಚಿಂತೆ ಮಾಡಿದ್ದೆನಲ್ಲ, ಡ್ಯಾಮು, ಗ್ಯಾಸು, ಭೂಕಂಪ! ಆ ಪಟ್ಟಿಯಲ್ಲಿ ಇದೊಂದು ಇರಲೇ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಅತ್ತೆಯವರು ಬಂದರು. ಟ್ರಂಕು ದಾಂಡೇಲಿಯಲ್ಲಿತ್ತು. ಸೆರಗಿನಡಿ ಒಂದೇ ಒಂದು ಸ್ಟೀಲಿನ ಡಬ್ಬಿ. "ಹೆಂಗದಾಳ?" ಎಂದು ಕೇಳಿದರು. "ಇನ್ನೂ ಒಳಗ ಅದಾಳ್ರಿ" ಎಂದೆ. ಪಕ್ಕದಲ್ಲಿ ಕೂತು ಮುಚ್ಚಳ ತೆಗೆದರು. ಚಪಾತಿ, ಬೆಲ್ಲ, ತುಪ್ಪ.

"ಬ್ಯಾಡ್ರಿ ಅತ್ತಿ. ಇಳಿಯೂದಿಲ್ಲ."

"ಇಳಿತೈತಿ. ನಾ ನೋಡೇನಿ."

ಇಳಿಯಿತು. ಒಂದು ತುತ್ತು, ಎರಡು ತುತ್ತು. ಕಣ್ಣಿಂದ ಏನೋ ಇಳಿಯುತ್ತಿತ್ತು, ಅದನ್ನು ಅವರು ನೋಡಿಯೂ ನೋಡದವರಂತೆ ಕೂತರು. ಅರ್ಧ ಡಬ್ಬಿ ಆದ ಮೇಲೆ ನನಗೆ ನೆನಪಾಯಿತು: ಇವರು ತಿಂದಿಲ್ಲ.

"ಬುತ್ತಿ ಒಬ್ಬರ ಉಣ್ಣೂದಲ್ಲಂತ ನೀವ ಹೇಳೀರಿ. ತಗೋರಿ."

ನನ್ನ ಮಾತಿಗೆಂದು ಒಂದು ತುತ್ತು ಬಾಯಿಗಿಟ್ಟುಕೊಂಡರು. ಎರಡು ಸಲ ಅಗಿದು ನಿಲ್ಲಿಸಿದರು. ದವಡೆಯಲ್ಲಿ ಆ ತುತ್ತನ್ನಿಟ್ಟುಕೊಂಡೇ, ಎದುರಿನ ಮುಚ್ಚಿದ ಬಾಗಿಲನ್ನು ನೋಡುತ್ತ ಕೂತರು. ಮೊದಲ ಬಾರಿಗೆ ನಾನು ಅವರ ಕುತ್ತಿಗೆಯನ್ನು ನೋಡಿದೆ. ಅದು ಅಲುಗುತ್ತಿರಲಿಲ್ಲ.

"ಇಳೀವಲ್ದು ಅಳಿಯಾರ" ಎಂದರು, ತುಂಬಿದ ಬಾಯಲ್ಲೇ.

ಇಷ್ಟು ವರ್ಷ ನಾವು ಪರೀಕ್ಷೆ ಮಾಡಿದ ಗಂಟಲೇ ತಪ್ಪಾಗಿತ್ತೇ? ನಾನು ಡಬ್ಬಿಯನ್ನು ಅವರ ಮಡಿಲಲ್ಲಿಟ್ಟು ಪಕ್ಕದಲ್ಲೇ ಕೂತೆ. ಕೊನೆಗೆ ಬಾಗಿಲು ತೆರೆಯಿತು. ನರ್ಸು ಮುಖಗವಸು ಇಳಿಸಿ, "ಎಲ್ಲಾ ಚಲೋ ಆತ್ರಿ. ಅರಾಮ ಅದಾರ" ಎಂದಳು.

ಅತ್ತೆಯವರ ಕುತ್ತಿಗೆ ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ತುತ್ತು ಇಳಿಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು, ಡಬ್ಬಿಯನ್ನು ಮೊದಲು ನರ್ಸಿನತ್ತ ಚಾಚಿ, ಆಮೇಲೆ ನನ್ನ ಕಡೆ ತಿರುಗಿದರು.

"ಬೆಲ್ಲ ಸ್ವಲ್ಪ ಕಡಿಮಿ ಬಿದ್ದೈತಿ ನೋಡ್ರಿ, ಅಳಿಯಾರ."