ಲಿಯೆಜೆಲ್‌ಳ ಮದುವೆಯ ಮಧ್ಯಾಹ್ನ ಉರಿದ ಕೆಂಪು ದೀಪಕ್ಕೆ

ದುಮಗೆತೆ,
ಸೋಮವಾರ ಬೆಳಿಗ್ಗೆ

ಮಾನ್ಯ ಕೆಂಪು ದೀಪದವರೇ,

ನನ್ನ ಕಂಪ್ಯೂಟರಿನ ಮದರ್‌ಬೋರ್ಡಿನ ಮೂಲೆಯಲ್ಲಿ, ‘ಮೆಮೊರಿ’ ಎಂಬ ಹೆಸರಿನ ಪಕ್ಕ, ಸಾಸಿವೆ ಕಾಳಿನಷ್ಟು ಜಾಗದಲ್ಲಿ ವಾಸವಾಗಿದ್ದುಕೊಂಡೇ ಇನ್ನೂರು ಜನರ ಊಟವನ್ನು ತಡೆದು ನಿಲ್ಲಿಸಬಲ್ಲ ತಮ್ಮ ಘನತೆಗೆ ಮೊದಲಾಗಿ ನನ್ನ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ತಾವು ಉರಿಯದ ದಿನಗಳಲ್ಲಿ ನಾನೂ ಕ್ಷೇಮವೇ.

ಹದಿನಾಲ್ಕು ವರ್ಷಗಳಿಂದ ಮದುವೆಯ ವಿಡಿಯೊ ಮಾಡುವವಳು ನಾನು. ಬೆಳಿಗ್ಗೆ ಇಗರ್ಜಿಯಲ್ಲಿ ತೆಗೆದದ್ದನ್ನು ಕತ್ತರಿಸಿ, ಜೋಡಿಸಿ, ಸಂಗೀತ ಹಚ್ಚಿ, ಅದೇ ಮಧ್ಯಾಹ್ನ ಊಟಕ್ಕೆ ಮುಂಚೆ ಸಭಾಂಗಣದ ಪರದೆಯ ಮೇಲೆ ತೋರಿಸಬೇಕು. ಶನಿವಾರದ ಮದುವೆಯಲ್ಲಂತೂ ಇದು ಬರೀ ಶೋಕಿಯಾಗಿರಲಿಲ್ಲ. ವಧು ಲಿಯೆಜೆಲ್‌ಳನ್ನು ಸಾಕಿ ಬೆಳೆಸಿದ ಅಜ್ಜಿ, ತೊಂಬತ್ತೊಂದರ ಲೋಲಾ ಪುರಿಂಗ್, ಗುಡ್ಡದ ಮೇಲಿನ ಇಗರ್ಜಿಯ ಮೆಟ್ಟಿಲು ಹತ್ತಲಾರದೆ ನೇರವಾಗಿ ಸಭಾಂಗಣಕ್ಕೆ ಬಂದು ಗಾಲಿಕುರ್ಚಿಯಲ್ಲಿ ಕುಳಿತಿದ್ದರು. “ಮದುವೆ ನೋಡ್ದೆ ನಾನು ಒಂದು ತುತ್ತೂ ಮುಟ್ಟಲ್ಲ” ಎಂದು ಘೋಷಿಸಿಯೂ ಆಗಿತ್ತು. ಆ ಮನೆತನದಲ್ಲಿ ಲೋಲಾ ಮುಟ್ಟದ ಊಟವನ್ನು ಬೇರೆ ಯಾರೂ ಮುಟ್ಟುವುದಿಲ್ಲ.

ಪಾದ್ರಿಗಳು ಉಪದೇಶವನ್ನು ನಲವತ್ತು ನಿಮಿಷ ಹೆಚ್ಚಿಗೆ ದಯಪಾಲಿಸಿದ್ದರಿಂದ ಮೊದಲೇ ತಡವಾಗಿತ್ತು. ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಕುಳಿತು ನಾನು ಅವಸರದಲ್ಲಿ ಅರ್ಧ ಕೆಲಸ ಮುಗಿಸಿದ್ದಾಗ, ಕ್ಯಾಮೆರಾ ಹಿಡಿಯಲು ಬಂದಿದ್ದ ನನ್ನ ಮೈದುನ ಕ್ರಿಸಾಂತೋ ಪಕ್ಕದಲ್ಲಿ ಬಂದು ನಿಂತ. ಉಳಿದ ದಿನಗಳಲ್ಲಿ ಅವನು ದೋಣಿಯ ಮೋಟಾರು ರಿಪೇರಿ ಮಾಡುವವನು.

“ಮನಾಂಗ್, ಅತ್ತಿಗೇ, ಈ ಮೆಮೊರಿ ಆರು ಸಾವಿರದ ನಾನೂರರ ವೇಗದ್ದು. ನೀನು ನಾಲ್ಕು ಸಾವಿರದ ಎಂಟುನೂರಲ್ಲಿ ತೆವಳ್ತಾ ಇದ್ದೀಯ. ಮೋಟಾರು ಇಟ್ಕೊಂಡು ಹುಟ್ಟು ಹಾಕೋರನ್ನ ಇವತ್ತೇ ನೋಡಿದ್ದು!”

“ಇವತ್ತು ಬೇಡ ಕಣೋ.”

“ಸೆಟ್ಟಿಂಗಲ್ಲಿ ಒಂದು ಸಾಲು ಬದಲಾಯಿಸಿದ್ರೆ ಆಯ್ತು. ನಂಬು.”

ನಂಬಿದೆ. ಆ ಸಾಲು ಬದಲಾಯಿಸಿ ಯಂತ್ರವನ್ನು ಮತ್ತೆ ಹಚ್ಚಿದೆ. ಫ್ಯಾನುಗಳು ತಿರುಗಿದವು, ಪರದೆ ಕಪ್ಪಾಯಿತು, ತಾವು ಉದಯಿಸಿದಿರಿ.

ತಮ್ಮ ಮಿತಭಾಷೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ನಾನು ಯಂತ್ರವನ್ನು ಆರಿಸಿ ಹಚ್ಚಿದೆ, ತಾವು ಉರಿದಿರಿ. ಕ್ರಿಸಾಂತೋ “ಪರದೆನೇ ಹೋಗಿರ್ಬೇಕು” ಎಂದು ಹೊಸ ಪರದೆ ತಂದು ಜೋಡಿಸಿದ, ಕಪ್ಪು ಬಣ್ಣ ಇನ್ನಷ್ಟು ಸ್ಪಷ್ಟವಾಗಿ ಕಾಣಿಸಿತು. ಕೈಪಿಡಿ ತೆರೆದರೆ, ಈ ದೀಪ ಉರಿದಲ್ಲಿ ಮೆಮೊರಿಯನ್ನು ಪರೀಕ್ಷಿಸಿ ಎಂದಿತ್ತು. ಕೆಮ್ಮುತ್ತ ಹೋದವನಿಗೆ ವೈದ್ಯರು “ನಿಮಗೆ ಕೆಮ್ಮು” ಎಂದಷ್ಟೇ ಹೇಳಿ ಕಳಿಸಿದ ಹಾಗೆ.

ಕೊನೆಗೆ ವಿದ್ಯುತ್ ತಂತಿ ಕಿತ್ತು, ವಧುವಿನ ಕೇಶಾಲಂಕಾರದವಳ ಹತ್ತಿರ ಹೇರ್‌ಪಿನ್ ಇಸಿದುಕೊಂಡು, ಬೋರ್ಡಿನ ಮೇಲಿದ್ದ ಬಿಲ್ಲೆಯಂಥ ಬ್ಯಾಟರಿಯನ್ನು ಮೀಟಿ ತೆಗೆದೆ. ಹಾಗೆ ಮಾಡಿದರೆ ಅದು ಹೊಸ ವೇಗವನ್ನು ಮರೆತು ಹಳೆಯದಕ್ಕೆ ಮರಳುತ್ತದೆಂದು ಎಲ್ಲೋ ಓದಿದ್ದ ನೆನಪು. ಐದು ನಿಮಿಷ ಬಿಟ್ಟು ಬ್ಯಾಟರಿಯನ್ನು ಸ್ವಸ್ಥಾನಕ್ಕೆ ಕೂರಿಸಿ, ಎರಡು ಮೆಮೊರಿ ಪಟ್ಟಿಗಳಲ್ಲಿ ಒಂದನ್ನು ಹೊರಗಿಟ್ಟು ಹಚ್ಚಿದೆ. ಆದರೂ ತಾವು ಉರಿದಿರಿ. ಒಂದು ನಿಮಿಷ ಕಾದು ಆರಿಸಿದೆ. ಮತ್ತೆ ಹಚ್ಚಿದೆ, ಮತ್ತೆ ಆರಿಸಿದೆ. ಹೊರಗೆ ನಿರೂಪಕ ಸಭಿಕರನ್ನು ಹಿಡಿದಿಡಲು ಐದನೆಯ ಹಾಡು ಹಾಡುತ್ತಿದ್ದ. ಅವನಿಗೆ ಬರುತ್ತಿದ್ದದ್ದು ಮೂರೇ ಹಾಡು. ನಾನು ನೆಲದ ಮೇಲೆ ಕುಳಿತು ಅತ್ತೆನೆಂದು ಬರೆಯಲು ನಾಚಿಕೆಯಿಲ್ಲ.

ಆಗ ಕೋಣೆಯ ಬಾಗಿಲಲ್ಲಿ ಗಾಲಿಕುರ್ಚಿ ಬಂತು.

“ಏನಾಗಿದೆಯೇ ಇಂದಾಯ್, ಮಗಳೇ, ಇದಕ್ಕೆ?” ಎಂದರು ಲೋಲಾ.

“ಮೆಮೊರಿ ಸಿಗ್ತಿಲ್ಲ ಲೋಲಾ. ಹುಡುಕ್ತಾನೇ ಇದೆ.”

“ನೆನಪು ಮಾಡ್ಕೊಳ್ತಾ ಇದೆ ಅನ್ನು. ನೀನು ಯಾಕೆ ಪದೇ ಪದೇ ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸ್ತೀಯ? ಹೆಸರು ನೆನಪಾಗೋ ಹೊತ್ತಿಗೆ ಸರಿಯಾಗಿ ನಮ್ಮನೇಲೂ ಯಾರಾದ್ರೂ ‘ಬಿಡು ಲೋಲಾ’ ಅಂತಾರೆ. ಬಂದಿದ್ದೂ ಹೋಗ್ಬಿಡುತ್ತೆ. ಹಚ್ಚು. ಹಚ್ಚಿ ಕೈ ಇಲ್ಲಿ ಕೊಡು.”

ಹಚ್ಚಿ ಕೈ ಕೊಟ್ಟೆ. ಲೋಲಾ ಅದನ್ನು ತಮ್ಮ ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು. ಎರಡು ನಿಮಿಷ. ನಾಲ್ಕು. ನನ್ನ ಬೆರಳು ಚಡಪಡಿಸಿದಾಗಲೆಲ್ಲ ಹಿಡಿತ ಬಿಗಿಯಾಗುತ್ತಿತ್ತು. ಆರನೆಯ ನಿಮಿಷಕ್ಕೆ ಮಾನ್ಯರು ತಾವಾಗಿಯೇ ಆರಿದಿರಿ, ಪರದೆ ಬೆಳಗಿತು. ಕ್ರಿಸಾಂತೋ ಕೂಗಿದ ಕೂಗಿಗೆ ಅಡುಗೆಯವರು ಸೌಟು ಹಿಡಿದೇ ಓಡಿಬಂದರು.

ಮಾಡಿದ ಅರ್ಧ ಕೆಲಸ ಉಳಿದಿತ್ತು, ಇನ್ನರ್ಧಕ್ಕೆ ಸಮಯವಿರಲಿಲ್ಲ. ಉಳಿದದ್ದನ್ನು ಕತ್ತರಿಸದೆ, ಸಂಗೀತವಿಲ್ಲದೆ, ಕ್ಯಾಮೆರಾ ಕಂಡಂತೆಯೇ ಓಡಿಸಿದೆ. ಹದಿನಾಲ್ಕು ವರ್ಷದ ಮರ್ಯಾದೆ ಹೋಯಿತೆಂದುಕೊಂಡು ಸಭಾಂಗಣದ ಕಂಬದ ಹಿಂದೆ ನಿಂತೆ. ನಾನು ಕತ್ತರಿಸಿ ಎಸೆಯಬೇಕೆಂದಿದ್ದ, ಯಾರೂ ಮಾತಾಡದ ಒಂದು ಉದ್ದನೆಯ ತುಣುಕು ಅದರಲ್ಲಿತ್ತು: ಲಿಯೆಜೆಲ್ ಬಲಿಪೀಠದಿಂದ ಹೊರಟವಳು ವರನ ಕೈ ಬಿಟ್ಟು, ಮುಂದಿನ ಸಾಲಿನಲ್ಲಿ ಖಾಲಿ ಬಿಟ್ಟಿದ್ದ ಒಂದು ಜಾಗದ ಮುಂದೆ ಮಂಡಿಯೂರಿ, ಆ ಬರಿ ಮರದ ಹಲಗೆಗೆ ಹಣೆ ತಾಗಿಸಿದಳು. ಹಿರಿಯರ ಕೈಗೆ ಹಣೆ ತಾಗಿಸಿ ಆಶೀರ್ವಾದ ಪಡೆಯುವುದು ನಮ್ಮಲ್ಲಿಯ ರೂಢಿ; ಅಲ್ಲಿ ಯಾರ ಕೈಯಿರಬೇಕಿತ್ತೆಂದು ಎಲ್ಲರಿಗೂ ಗೊತ್ತಿತ್ತು.

“ಇನ್ನೊಂದ್ಸಲ ಹಾಕು” ಎಂದರು ಲೋಲಾ. ಮೂರು ಸಲ ಹಾಕಿದೆ.

ಆದುದರಿಂದ ದೂರು ಕೊಡಲು ಕುಳಿತ ನಾನು ತಮಗೆ ಕೃತಜ್ಞತೆ ಹೇಳಬೇಕಾಗಿ ಬಂದಿರುವುದೇ ನನ್ನ ದೊಡ್ಡ ದೂರು. ಮುಂದಿನ ಸಲ ಉರಿಯುವ ಮೊದಲು ತಾವು ಒಂದು ವಾರದ ಮುಂಚಿತ ನೋಟೀಸು ಕೊಡಬೇಕು, ‘ಯೋಚಿಸುತ್ತಿದ್ದೇನೆ’ ಮತ್ತು ‘ಸತ್ತಿದ್ದೇನೆ’ ಎಂಬುದಕ್ಕೆ ಬೇರೆ ಬೇರೆ ಬಣ್ಣ ತಾಳಬೇಕು, ಪಾದ್ರಿಗಳ ಉಪದೇಶದ ನಡುವೆಯೂ ಒಮ್ಮೆ ಉರಿದು ತೋರಿಸಬೇಕು ಎಂದು ವಿನಂತಿ.

ಇಷ್ಟೆಲ್ಲ ಆದಮೇಲೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಎರ್ಮಿನಿಯಾ ಬಲಸಾಬಾಸ್

ತಾ.ಕ.: ತಮ್ಮ ಪಕ್ಕದಲ್ಲೇ ಗ್ರಾಫಿಕ್ಸ್‌ಗೆ ಸೇರಿದ ಒಬ್ಬ ಬಿಳಿ ದೀಪದವರು ವಾಸವಾಗಿರುವುದನ್ನು ಗಮನಿಸಿದೆ. ಅವರ ಪರಿಚಯ ನನಗೆ ಬೇಡವೆಂದು ದಯವಿಟ್ಟು ತಿಳಿಸಿ; ಕಪ್ಪು ಅಂಟುಪಟ್ಟಿಯನ್ನು ಈಗಾಗಲೇ ಅವರ ಅಳತೆಗೆ ಕತ್ತರಿಸಿ ಇಟ್ಟಿದ್ದೇನೆ.